ಮನೆಮಾತು: ನೋವು ಬರಿಸುವಾಗ

ದಿನ ತುಂಬಿದರೂ ನೋವು ಬಾರದ ಬಸುರಿಯನ್ನು ಆಸ್ಪತ್ರೆಗೆ ಸೇರಿಸಿಕೊಂಡು, ಔಷಧದಿಂದ ನೋವು ಬರಿಸುವ ವಿಷಯವಾಗಿ ಈ ಪುಟಕ್ಕೆ ಮೂರು ಮನೆಗಳಿಂದ ಪತ್ರಗಳು ಬಂದಿವೆ. ಮೂವರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಸೋಮವಾರ ಬೆಳಗ್ಗೆ ಬಂದು ಸೇರಿರಿ ಎಂದಿದ್ದಾರೆ. ಒಪ್ಪಬಹುದೇ? ಎಷ್ಟು ಹೊತ್ತಿನ ಕೆಲಸ?" ಒಪ್ಪಬಹುದೇ ಎಂಬುದಕ್ಕೆ ಉತ್ತರ ಕೊಡತಕ್ಕವರು, ಆಕೆಯನ್ನು ಪರೀಕ್ಷಿಸಿದ ಡಾಕ್ಟರೇ ಹೊರತು ಕಡತದ ಕೆಲಸ ಮಾಡುವ ಈ ಕಾರಕೂನನಲ್ಲ. ಎರಡನೆಯದಕ್ಕೆ ಮಾತ್ರ ನಾನು ತಕ್ಕಮಟ್ಟಿಗೆ ಉತ್ತರ ಹೇಳಬಲ್ಲೆ. ಮರಾಠಿ, ಹಿಂದಿ ಬಲ್ಲವನೆಂಬ ಒಂದೇ ಅರ್ಹತೆಯಿಂದ ನಮ್ಮ ಸಂಘದ ಬಳಗದವರ ಜೊತೆಗೆ ಮುಂಬಯಿಯ ಆಸ್ಪತ್ರೆಗಳ ಹೊರಬೆಂಚಿನ ಮೇಲೆ ನಾನು ಕಳೆದ ರಾತ್ರಿಗಳು ಕಡಿಮೆಯಲ್ಲ. ಅಲ್ಲಿ ಕಂಡದ್ದನ್ನೂ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡದ್ದನ್ನೂ ಬರೆಯುತ್ತೇನೆ.

ಎಷ್ಟು ಹೊತ್ತು? ಚೊಚ್ಚಲಾದರೆ ಒಂದು ಹಗಲು ಒಂದು ರಾತ್ರಿ ಎಂದು ಮನಸ್ಸು ಗಟ್ಟಿಮಾಡಿಕೊಂಡು ಹೋಗಿರಿ. ಎರಡು ದಿನವಾದರೂ ಆಶ್ಚರ್ಯಪಡಬೇಡಿರಿ. ಇಂಜೆಕ್ಷನ್ ಚುಚ್ಚಿದರೆ ಮಗು ಬಂತು ಎಂದುಕೊಂಡು ಹೋಗುವ ಮನೆಯವರು ಎಂಟನೆಯ ತಾಸಿಗೆ ಸೋತು, ಹನ್ನೆರಡನೆಯ ತಾಸಿಗೆ ನರ್ಸಿನ ಮೇಲೆ ಜಗಳ ತೆಗೆದು, ಹದಿನಾರನೆಯ ತಾಸಿಗೆ "ಸಾಕು, ಕೊಯ್ದು ತೆಗೆದುಬಿಡಿ" ಎನ್ನುವುದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಒಳಗೆ ಅಷ್ಟು ಹೊತ್ತಿಗೆ ಎಲ್ಲವೂ ಕ್ರಮವಾಗಿಯೇ ಸಾಗಿರುತ್ತದೆ. ಹೊರಗಿನವರಿಗೆ ಆ ಕ್ರಮ ಯಾವುದೆಂದು ಯಾರೂ ಹೇಳಿರುವುದಿಲ್ಲ, ಅಷ್ಟೆ.

ಮೊದಲು, ಏಕೆ ಬರಿಸುತ್ತಾರೆಂಬುದನ್ನು ನೋಡೋಣ. ರಕ್ತದ ಒತ್ತಡ ಏರಿರಬಹುದು, ಸಕ್ಕರೆಯ ತೊಂದರೆ ಇರಬಹುದು, ನೋವಿಲ್ಲದೆ ನೀರು ಹೋಗಿರಬಹುದು, ಮಗು ಬೆಳೆಯಬೇಕಾದಷ್ಟು ಬೆಳೆಯದೆ ಇರಬಹುದು. ಇವೆಲ್ಲದರಲ್ಲಿ ಮಗು ಒಳಗೆ ಇರುವುದಕ್ಕಿಂತ ಹೊರಗೆ ಬರುವುದೇ ಕ್ಷೇಮವೆಂಬ ಲೆಕ್ಕ. ಇನ್ನೊಂದು ಕಾರಣ ದಿನ ಮೀರುವುದು. ಕೊನೆಯ ಮುಟ್ಟಿನ ಮೊದಲ ದಿನದಿಂದ ೪೦ ವಾರಕ್ಕೆ ದಿನ ತುಂಬಿತೆಂದು ಎಣಿಕೆ. ೪೧ ವಾರ ಖಚಿತವಾಗಿ ಮುಗಿದಿದ್ದರೆ ನೋವು ಬರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅನಂತರ ಕಾದಷ್ಟೂ ಮಗುವಿಗೆ ಅಪಾಯ ಸ್ವಲ್ಪಸ್ವಲ್ಪವಾಗಿ ಏರುತ್ತದೆ.

ಈ "ಖಚಿತವಾಗಿ" ಎಂಬ ಮಾತಿನಲ್ಲಿಯೇ ನಮ್ಮಂಥವರ ಮನೆಗಳಿಗೆ ತೊಡಕಿದೆ. ನಮ್ಮ ಹೆಣ್ಣುಮಕ್ಕಳು ಮೊದಲ ಆರು ತಿಂಗಳು ಇಲ್ಲಿ ತೋರಿಸಿಕೊಂಡು, ಏಳರಲ್ಲಿ ಸೀಮಂತ ಮುಗಿಸಿ ಚೊಚ್ಚಲಿಗೆ ತವರಿಗೆ ಹೋಗುತ್ತಾರೆ. ಹುಬ್ಬಳ್ಳಿಯ ಡಾಕ್ಟರಿಗೆ ಮುಂಬಯಿಯ ಕಾಗದ ಕಾಣುವುದಿಲ್ಲ. ದಿನದ ಎಣಿಕೆಗೆ ಅತ್ಯಂತ ನಂಬತಕ್ಕದ್ದು ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನು. ಒಂಬತ್ತನೆಯ ತಿಂಗಳ ಸ್ಕ್ಯಾನು ಹೇಳುವ ತಾರೀಖು ಹಿಂದೆಮುಂದೆ ಆಗುವುದುಂಟು. ಸೀಮಂತದ ಸೀರೆಯನ್ನು ಮರೆತರೂ ಚಿಂತೆಯಿಲ್ಲ, ಆ ಮೊದಲ ಸ್ಕ್ಯಾನಿನ ಕಾಗದವನ್ನು ಪೆಟ್ಟಿಗೆಯಲ್ಲಿ ಇಡಿರಿ. ಅದಿಲ್ಲದೆ ದಿನ ಮೀರಿತೋ ಇಲ್ಲವೋ ಎಂಬುದೇ ಊಹೆಯ ಮಾತಾಗುತ್ತದೆ. ದಿನ ಕಾಯುತ್ತಿರುವಾಗ ಮಗುವಿನ ಆಟ ಕಡಿಮೆಯಾಯಿತೆಂದು ಆಕೆಗೆ ತೋರಿದರೆ ಮಾತ್ರ ಸೋಮವಾರದವರೆಗೆ ನಿಲ್ಲದೆ ಆಗಲೇ ಕರೆದುಕೊಂಡು ಹೋಗಬೇಕು.

ಇನ್ನು ಒಳಗೆ ನಡೆಯುವುದು. ಗರ್ಭಕೋಶದ ಬಾಯಿ ಮೆತ್ತಗಾಗಿದೆಯೇ, ತೆಳುವಾಗಿದೆಯೇ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಡಾಕ್ಟರು ಬೆರಳಿನಿಂದ ಪರೀಕ್ಷಿಸಿ ಅಂಕ ಹಾಕುತ್ತಾರೆ. ೧೯೬೪ರಲ್ಲಿ ಬಿಷಪ್ ಎಂಬ ಅಮೆರಿಕದ ವೈದ್ಯರು ಹೊರಡಿಸಿದ ಈ ಲೆಕ್ಕಕ್ಕೆ ಅವರದೇ ಹೆಸರು. ಪೂರ್ಣಾಂಕ ೧೩, ಅಂಕ ಆರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಾಯಿ ಇನ್ನೂ ಹಣ್ಣಾಗಿಲ್ಲವೆಂದು ಅರ್ಥ. ಹಣ್ಣಾಗದ ಬಾಯಿಯ ಮೇಲೆ ನೋವನ್ನು ಹೇರಿ ಫಲವಿಲ್ಲ. ಆದುದರಿಂದ ಮೊದಲ ದಿನದ ಕೆಲಸವೆಲ್ಲ ಹಣ್ಣು ಮಾಡುವುದೇ. ನೋವು ಆಮೇಲಿನ ಮಾತು.

ಹಣ್ಣು ಮಾಡಲು ಮುಖ್ಯವಾಗಿ ಮೂರು ದಾರಿ. ಒಂದು ಜೆಲ್, ಒಳಗೆ ಹಚ್ಚಿ ಸ್ವಲ್ಪ ಹೊತ್ತು ಮಲಗಿಸಿ, ಆರು ತಾಸಿನ ಮೇಲೆ ಮತ್ತೆ ಪರೀಕ್ಷಿಸಿ, ಬೇಕಾದರೆ ಇನ್ನೊಮ್ಮೆ ಹಚ್ಚುತ್ತಾರೆ. ಇನ್ನೊಂದು ಮಾತ್ರೆ. ಇದು ಮೂಲತಃ ಹೊಟ್ಟೆಹುಣ್ಣಿಗೆಂದು ಬಂದ ಔಷಧ. ಹೆರಿಗೆಗೆ ಕೊಡುವುದು ಅದರ ಅತಿ ಚಿಕ್ಕ ಪಾಲು, ೨೫ ಮೈಕ್ರೋಗ್ರಾಮ್. ಮೂರನೆಯದಕ್ಕೆ ಔಷಧವೇ ಇಲ್ಲ: ಮೂತ್ರಕ್ಕೆ ಹಾಕುವಂಥ ರಬ್ಬರಿನ ನಳಿಗೆಯನ್ನೇ ಗರ್ಭಕೋಶದ ಬಾಯಿಯೊಳಗೆ ಸೇರಿಸಿ, ಅದರ ತುದಿಯ ಬುಗ್ಗೆಗೆ ನೀರು ತುಂಬಿ ಬಿಡುತ್ತಾರೆ. ಬಾಯಿ ಸುಮಾರು ಮೂರು ಸೆಂಟಿಮೀಟರ್ ತೆರೆದಾಗ ಅದು ತಾನಾಗಿ ಜಾರಿ ಬೀಳುತ್ತದೆ. ಬಿದ್ದರೆ ಗಾಬರಿಯಾಗಬಾರದು, ಬೀಳುವುದಕ್ಕೇ ಅದನ್ನು ಹಾಕಿದ್ದು. ಹಿಂದೆ ಸಿಜೇರಿಯನ್ ಆಗಿದ್ದರೆ ಅದನ್ನು ಮೊದಲೇ, ಕೇಳದಿದ್ದರೂ, ಹೇಳಬೇಕು. ಹಳೆಯ ಹೊಲಿಗೆ ಬಿಟ್ಟುಕೊಳ್ಳುವ ಭಯವಿರುವುದರಿಂದ ಅಂಥವರಿಗೆ ಆ ಮಾತ್ರೆ ಸಲ್ಲದು.

ಬಾಯಿ ಹಣ್ಣಾದ ಮೇಲೆ ನೀರಿನ ಚೀಲವನ್ನು ತಾವೇ ಒಡೆಯುತ್ತಾರೆ. ಒಡೆಯುವಾಗ ನೋವಿಲ್ಲ, ಬೆಚ್ಚಗೆ ಹರಿಯುತ್ತದೆ. ಆಮೇಲೆ ಕೈಗೆ ಸಲೈನು, ಅದರಲ್ಲಿ ಆಕ್ಸಿಟೋಸಿನ್. ಹೆಣ್ಣಿನ ಮೈಯಲ್ಲಿಯೇ ಹುಟ್ಟುವ ನೋವಿನ ರಸವಿದು. ಇದನ್ನು ಪ್ರಯೋಗಶಾಲೆಯಲ್ಲಿ ಮೊದಲು ಕಟ್ಟಿದವರು ವಿನ್ಸೆಂಟ್ ದು ವಿನ್ಯೋ, ೧೯೫೩ರಲ್ಲಿ. ೧೯೫೫ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಹನಿಯ ವೇಗವನ್ನು ಸುಮಾರು ಅರ್ಧ ಅರ್ಧ ತಾಸಿಗೊಮ್ಮೆ ಏರಿಸುತ್ತ, ಹತ್ತು ನಿಮಿಷದಲ್ಲಿ ಮೂರು ನಾಲ್ಕು ನೋವು ಬರುವಂತೆ ಹದಕ್ಕೆ ತರುತ್ತಾರೆ. ಐದಕ್ಕೆ ಮೀರಿದರೆ ಮಗುವಿಗೆ ಉಸಿರು ಕಟ್ಟಿದಂತಾಗುತ್ತದೆ. ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಎದೆಬಡಿತವನ್ನು ಯಂತ್ರದಲ್ಲಿ ನೋಡುತ್ತ ಕೂಡುವುದು ಇದಕ್ಕಾಗಿಯೇ. ನರ್ಸು ಬಂದು ಹನಿ ನಿಲ್ಲಿಸಿದರೆ "ಔಷಧ ಮುಗಿಯಿತೇ, ನಿರ್ಲಕ್ಷ್ಯವೇ?" ಎಂದು ಕೂಗಾಡಬೇಡಿರಿ. ಆಕೆ ಮಗುವನ್ನು ಕಾಯುತ್ತಿದ್ದಾಳೆ.

ಇದೇ ಔಷಧದ ಇನ್ನೊಂದು ಮುಖವನ್ನು ಹೇಳದಿದ್ದರೆ ಈ ಬರಹ ವ್ಯರ್ಥ. ಊರ ಕಡೆ ಮನೆಯಲ್ಲಿಯೇ ಹೆರಿಗೆ ಬೇಗ ಆಗಲೆಂದು "ನೋವಿನ ಇಂಜೆಕ್ಷನ್" ಎಂದು ಇದನ್ನೇ ತೋಳಿಗೋ ತೊಡೆಗೋ ಚುಚ್ಚುವವರಿದ್ದಾರೆ. ಹನಿಯನ್ನು ನಿಲ್ಲಿಸಬಹುದು, ಚುಚ್ಚಿದ್ದನ್ನು ಹಿಂದಕ್ಕೆ ತೆಗೆಯಲಾಗದು. ಗರ್ಭಕೋಶವೇ ಹರಿದು ತಾಯಿ-ಮಗು ಇಬ್ಬರನ್ನೂ ಕಳೆದುಕೊಳ್ಳುವ ಅಪಾಯ ಇದರಲ್ಲಿದೆ. ಮಗು ಹುಟ್ಟುವ ಮೊದಲು ಯಾರೇ ಚುಚ್ಚಲು ಬಂದರೂ ಬೇಡವೆನ್ನಿರಿ. ಮಗು ಹುಟ್ಟಿದ ಮೇಲೆ ರಕ್ತಸ್ರಾವ ತಡೆಯಲು ಚುಚ್ಚುವುದು ಬೇರೆ, ಅದು ಬೇಕಾದದ್ದೇ. ಅಜ್ಜಿಯಂದಿರ ಹರಳೆಣ್ಣೆಯೂ ನೋವು ಬರಿಸುವುದಕ್ಕೇ ಹುಟ್ಟಿದ ಉಪಾಯ; ಆದರೆ ಭೇದಿಯಾಗಿ ಸುಸ್ತಾದ ಹೆಣ್ಣು ಹೆರಿಗೆಗೆ ಎಲ್ಲಿಂದ ಶಕ್ತಿ ತಂದಾಳು? ಡಾಕ್ಟರಿಗೆ ತಿಳಿಸದೆ ಕುಡಿಸಬಾರದು.

"ನೋವು ಬರಿಸಿದರೆ ಕೊನೆಗೆ ಕೊಯ್ಯುವುದೇ ಗತಿ" ಎಂಬ ಮಾತನ್ನು ನಮ್ಮ ಪ್ರತಿಯೊಂದು ಬೆಂಚಿನಲ್ಲೂ ಕೇಳಿದ್ದೇನೆ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲು ತಾಯಂದಿರನ್ನು ನೋಡಿ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ೩೯ನೆಯ ವಾರದಲ್ಲಿ ನೋವು ಬರಿಸಿದವರಲ್ಲಿ ನೂರಕ್ಕೆ ೧೮.೬ ಮಂದಿಗೆ ಸಿಜೇರಿಯನ್ ಆಯಿತು. ಕಾದು ನೋಡಿದವರಲ್ಲಿ ೨೨.೨. ಅವರು ಬೇರೆ ತೊಂದರೆಯಿಲ್ಲದ, ಒಳ್ಳೆಯ ನಿಗಾ ಇದ್ದ ಹೆಂಗಸರು ಎಂಬುದನ್ನು ಮರೆಯಬಾರದು. ಆದರೂ ಬರಿಸುವುದೇ ಕೊಯ್ಯಲು ಕಾರಣವೆಂಬ ನಂಬಿಕೆಗೆ ಅದು ಆಧಾರ ಕೊಡುವುದಿಲ್ಲ. ಅವಸರವೇ ಕಾರಣವಾಗುವುದುಂಟು. ಅಮೆರಿಕದ ಪ್ರಸೂತಿ ವೈದ್ಯರ ಸಂಸ್ಥೆಗಳು ೨೦೧೪ರಲ್ಲಿ ಹೇಳಿದಂತೆ, ತಾಯಿ ಮಗು ಕ್ಷೇಮವಾಗಿದ್ದರೆ ನೀರಿನ ಚೀಲ ಒಡೆದು ಹನಿ ಹಚ್ಚಿದ ಮೇಲೆ ಕನಿಷ್ಠ ೧೨ರಿಂದ ೧೮ ತಾಸು ಕಾಯದೆ "ಫಲಿಸಲಿಲ್ಲ" ಎನ್ನಬಾರದು. ಆದುದರಿಂದ ಹೊರಗಿನವರು ಕೇಳಬೇಕಾದ ಪ್ರಶ್ನೆ "ಇನ್ನೂ ಆಗಲಿಲ್ಲವೇ?" ಎಂಬುದಲ್ಲ, "ಮಗುವಿನ ಎದೆಬಡಿತ ಹೇಗಿದೆ? ಬಾಯಿ ಎಷ್ಟು ತೆರೆದಿದೆ?" ಎಂಬುದು. ಎದೆಬಡಿತ ಕೆಟ್ಟಿತೆಂದು ಡಾಕ್ಟರು ಹೇಳಿದರೆ ಮಾತ್ರ ಊರಿಗೆ ಫೋನು ಮಾಡಿ ಕೇಳುತ್ತೇನೆ ಎನ್ನದೆ ಸಹಿ ಹಾಕಿರಿ.

ಬರಿಸಿದ ನೋವು ತಾನಾಗಿ ಬಂದ ನೋವಿಗಿಂತ ಬಿರುಸು ಎಂದು ಎರಡನ್ನೂ ಕಂಡ ತಾಯಂದಿರು ಹೇಳುತ್ತಾರೆ. ತಾಳಲಾಗದಿದ್ದರೆ ಬೆನ್ನಿನಲ್ಲಿ ಕೊಡುವ ಔಷಧ ಆ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿರಿ, ಕೇಳುವುದರಲ್ಲಿ ನಾಚಿಕೆಯಿಲ್ಲ.

ನಾಚಿಕೆಗಿಂತ ದೊಡ್ಡ ಕಷ್ಟ ಭಾಷೆಯದು. ಕಲಬುರ್ಗಿ ಕಡೆಯಿಂದ ಮದುವೆಯಾಗಿ ಬಂದು ವರ್ಷ ತುಂಬದ ಒಬ್ಬ ತಂಗಿ, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಜೆಲ್ ಹಚ್ಚಿಸಿಕೊಂಡು ಮಲಗಿದ್ದಳು. ನಡುರಾತ್ರಿ ಆಯಾಳನ್ನು ಕರೆದು "ಬಾಯಿ, ನೀರು ಹೋದುವ್ರೀ" ಎಂದಳು. ಆಯಾ ಪಾಪ ಒಳ್ಳೆಯವಳು. ನೀರು ಎಂಬ ಶಬ್ದವನ್ನು ಹಿಡಿದುಕೊಂಡು ಒಂದು ಗ್ಲಾಸು ಕುಡಿಯುವ ನೀರು ತಂದುಕೊಟ್ಟಳು. ಈಕೆ ಕುಡಿದಳು. ಮತ್ತೆ ಹೇಳಿದಳು, ಮತ್ತೊಂದು ಗ್ಲಾಸು ಬಂತು. ಬೆಳಗಿನ ಜಾವ ಅವಳ ಸೋದರತ್ತೆ ಒಳಗೆ ಹೋದಾಗಲೇ ಹಾಸಿಗೆ ಒದ್ದೆಯಾದದ್ದು ಡಾಕ್ಟರಿಗೆ ತಿಳಿದದ್ದು. ನೀರು ಯಾವಾಗ ಹೋಯಿತು, ಯಾವ ಬಣ್ಣವಿತ್ತು ಎಂಬುದು ಅವರಿಗೆ ಅತ್ಯಗತ್ಯ. ಹಸುರಾಗಿದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದು ಅರ್ಥ. ದೇವರ ದಯದಿಂದ ತಿಳಿಯಾಗಿತ್ತು. ಆ ಮಗು ಈಗ ಶಿಶುವಿಹಾರಕ್ಕೆ ಹೋಗುತ್ತಿದೆ.

ಇದಕ್ಕಾಗಿ ನಾಲ್ಕು ಮಾತು ಬರೆದುಕೊಳ್ಳಿರಿ. ಮರಾಠಿಯಲ್ಲಿ ಹೆರಿಗೆಯ ನೋವಿಗೆ "ಕಳಾ", ನೀರು ಹೋಗುತ್ತಿದೆ ಎನ್ನಲು "ಪಾಣೀ ಜಾತಂಯ್". ಹಿಂದಿಯಲ್ಲಿ "ದರ್ದ್", "ಪಾನೀ ಜಾ ರಹಾ ಹೈ". ಚೆನ್ನೈಯವರು "ವಲಿ", "ಪನಿಕ್ಕುಡಂ ಉಡೈಂಜಿಡುಚ್ಚು" ಎನ್ನಬೇಕು. ಹೈದರಾಬಾದಿನವರು "ನೊಪ್ಪುಲು", "ಉಮ್ಮನೀರು ಪೋಯಿಂದಿ". ಚೆನ್ನೈಯಲ್ಲಿ ನರ್ಸು "ಮುಕ್ಕು, ಮುಕ್ಕು" ಎಂದರೆ ತಿನ್ನು ಎಂದಲ್ಲ, ತಿಣುಕು ಎಂದು. ಇದಕ್ಕಿಂತ ಮೇಲು, ಎರಡೂ ಭಾಷೆ ಬಲ್ಲ, ತಾನೂ ಹೆತ್ತ ಒಬ್ಬ ಹೆಂಗಸು ಜೊತೆಗಿರುವುದು. ಸರಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ಇಂಥ ಒಬ್ಬ ಬಂಧುವನ್ನು ಬಿಡಲು ೨೦೧೬ರಲ್ಲಿ ಕೇಂದ್ರ ಸರಕಾರ ಒಪ್ಪಿದೆ, ವಿನಯದಿಂದ ಕೇಳಿರಿ. ಆ ಆಸ್ಪತ್ರೆಗಳಲ್ಲಿ ಹೆರಿಗೆ, ಔಷಧ, ಬೇಕಾದರೆ ಸಿಜೇರಿಯನ್ ಕೂಡ ಉಚಿತವೆಂಬುದು ೨೦೧೧ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಿಂದ ಬಂದ ಹಕ್ಕು.

ಪಂಚಾಂಗದ ಪ್ರಶ್ನೆಯನ್ನು ಒಬ್ಬ ಹಿರಿಯರು ಕೇಳಿದ್ದಾರೆ: ಮೂಲಾ ನಕ್ಷತ್ರ ತಪ್ಪುವಂತೆ ನೋವು ಬರಿಸಬಹುದೇ? ರಾಯರೇ, ಸೇರಿಸುವ ದಿನ ನಮ್ಮ ಕೈಯಲ್ಲಿದೆ, ಹುಟ್ಟುವ ದಿನವಲ್ಲ. ಜ್ಯೇಷ್ಠಾದಲ್ಲಿ ಸೇರಿಸಿದ ಹೆಣ್ಣು ಮೂಲಾದಲ್ಲಿಯೇ ಹೆತ್ತೀತು.

ಕೊನೆಗೆ ಗಂಡಂದಿರಿಗೆ ರಜೆಯ ಮಾತು. ಇದು ನನ್ನ ಕ್ಷೇತ್ರ. ಕೇಂದ್ರ ಸರಕಾರದ ನೌಕರನಿಗೆ, ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆಯಿದ್ದರೆ, ೧೫ ದಿನ ಪಿತೃತ್ವ ರಜೆ ಉಂಟು. ಹೆರಿಗೆಗೆ ೧೫ ದಿನ ಮೊದಲಿನಿಂದ ಆರು ತಿಂಗಳೊಳಗೆ ತೆಗೆದುಕೊಳ್ಳದಿದ್ದರೆ ಹೋಯಿತು. ಸೋಮವಾರ ಸೇರಿಸುವವರು ಸೋಮವಾರ, ಮಂಗಳವಾರ ಎರಡು ದಿನ ಸಾದಾ ರಜೆ ಹಾಕಿ, ಈ ಹದಿನೈದನ್ನು ಮನೆಗೆ ಬಂದ ಬಾಣಂತಿಗಾಗಿ ಇಟ್ಟುಕೊಳ್ಳಿರಿ. ಊರಿನಿಂದ ಬರುವ ತಾಯಿಯವರಿಗೆ ಭಾನುವಾರಕ್ಕೆ ಮುಂಚೆಯೇ ಟಿಕೀಟು ತೆಗೆಸಿರಿ. ಮುಂದಿನ ಸಂಚಿಕೆಯಲ್ಲಿ, ಅವರು ಬರುವಾಗ ಕಟ್ಟಿಕೊಂಡು ಬರುವ ಅಂಟಿನುಂಡೆಯ ವಿಷಯ.