ಬೀಗರು ಬಂದ ಕೂಡಲೆ ಒಲಿ ಯಾಕೆ ಹಚ್ಚಬೇಕು?

ಎರಡು ವರ್ಷದ ಹಿಂದಿನ ಮಾತು. ಕಡ್ಲಿ ರಾಶಿ ಮುಗಿದಿತ್ತು. ನಮ್ಮ ಮನೆಯವಳ ತಮ್ಮ ಬದಾಮಿ ಕಡೆಯಿಂದ ಬಂದಿದ್ದ. ಮುಂಜಾನೆ ಹತ್ತಕ್ಕೆ ಬಂದವನು ಒಂದು ಗಂಟೆಯ ಬಸ್ಸಿಗೆ ಹೊರಟ. ಆ ಮೂರು ತಾಸಿನಲ್ಲಿ ಚಹಾ ಆಯಿತು, ಉಪ್ಪಿಟ್ಟು ಆಯಿತು, ಮಿರ್ಚಿ ಭಜಿ ಆಯಿತು, ಮೇಲೆ ಊಟ. ನಾನು ಪಡಸಾಲಿಯಲ್ಲಿ ಆರಾಮ ಕುಂತು "ಏ, ಇನ್ನಷ್ಟು ಭಜಿ ತಾ" ಅಂತ ಕೂಗುತ್ತಿದ್ದೆ. ಬಸ್ ಹತ್ತುವಾಗ ಅವನು ಅಂದ: "ಮಾಮಾ, ಅಕ್ಕನ ಕೂಡ ನಾಕು ಮಾತು ಆಡೂಣಂತ ಬಂದಿದ್ದೆ, ಆಗಲೇ ಇಲ್ಲ ನೋಡ್ರಿ." ಮನೆಗೆ ಬಂದರೆ ಇವಳು ಒಲಿ ಮುಂದೆ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹೊಗೆಗೋ, ಮತ್ತೊಂದಕ್ಕೋ, ನಾನು ಕೇಳಲಿಲ್ಲ.

ಅವತ್ತಿನಿಂದ ನಾನು ಹೇಳುತ್ತಿರುವುದು ಇಷ್ಟೇ. ಬಂದವರ ಮುಂದೆ ಮೊದಲು ಇಡುವ ತಿನಿಸು ಡಬ್ಬಿಯಲ್ಲಿ ತಯಾರಿರಬೇಕು. ಅದು ನಮ್ಮ ಹೊಲದ್ದೇ ಆಗಿರಬೇಕು. ಮನೆಯಾಕಿಯೂ ಬಂದವರ ಜೋಡಿ ಕುಂತು ಮಾತಾಡುವಂತಿರಬೇಕು.

"ಅದಕ್ಕೇನು, ಹುಡುಗನ್ನ ಅಂಗಡಿಗೆ ಓಡಿಸಿದರಾಯಿತು, ಪಾಕೀಟು ಸಿಗತಾವ" ಅನ್ನುವವರಿದ್ದಾರೆ. 2024-25ರ ಹಿಂಗಾರಿ ಕಡ್ಲಿಗೆ ಸರಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650 ರೂಪಾಯಿ. ಅಂದರೆ ಕಿಲೋಕ್ಕೆ 56 ರೂಪಾಯಿ 50 ಪೈಸೆ. ಈಗ ಹತ್ತು ರೂಪಾಯಿಯ ಚಿಪ್ಸ್ ಪಾಕೀಟಿನ ಮೇಲೆ ತೂಕ ಎಷ್ಟು ಬರೆದಿದೆ ಓದಿರಿ. ಕಿಲೋಕ್ಕೆ ಎಷ್ಟು ಬಿತ್ತು ಅಂತ ನೀವೇ ಲೆಕ್ಕ ಹಾಕಿರಿ. ಕಡ್ಲಿ ಮಾರಿ ಬಟಾಟಿ ಹಪ್ಪಳ ಕೊಳ್ಳುವುದು ಯಾವ ಶಾಣ್ಯಾತನ?

ನರಗುಂದ, ರೋಣದ ಎರಿಯಲ್ಲಿ ಕಡ್ಲಿ, ಹಿಂಗಾರಿ ಜೋಳ ಬರುತ್ತದೆ. ಗಜೇಂದ್ರಗಡ ಕಡೆ ಮಸಾರಿಯಲ್ಲಿ ಶೇಂಗಾ ಬರುತ್ತದೆ. ಬೀಗರಿಗೆ ಇಡುವುದಕ್ಕೆ ಇನ್ನೇನು ಬೇಕು? ನಮ್ಮ ಮನೆಯಲ್ಲಿ ಈಗ ಮೂರು ಡಬ್ಬಿ ಇವೆ.

ಒಂದರಲ್ಲಿ ಹುರಿದ ಶೇಂಗಾ. ಇದನ್ನು ನಾನೇ ಹುರಿಯುತ್ತೇನೆ. ಬೋಗುಣಿಯಲ್ಲಿ ಜರಡಿ ಹಿಡಿದ ಉಸುಕು ಕಾಯಿಸಿ, ಸಿಪ್ಪೆ ಸಮೇತ ಶೇಂಗಾ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಒಂದು ಕಾಯಿ ಒಡೆದು ತಿಕ್ಕಿದರೆ ಕಾಳಿನ ಮೇಲಿನ ಕೆಂಪು ಸಿಪ್ಪೆ ಬಿಡಬೇಕು, ಅಷ್ಟಾದರೆ ಇಳಿಸಿ ಜರಡಿ ಹಿಡಿಯಿರಿ. ಪೂರಾ ಆರಿದ ಮೇಲೆಯೇ ಡಬ್ಬಿಗೆ ತುಂಬಿರಿ, ಇಲ್ಲದಿದ್ದರೆ ಮೆತ್ತಗಾಗುತ್ತದೆ.

ಎರಡನೆಯದರಲ್ಲಿ ಕಡಕ್ ರೊಟ್ಟಿ. ಹೇಗೂ ಮಾಡಿಟ್ಟಿರುತ್ತೇವೆ. ನಾಕು ತುಂಡು ಮುರಿದು, ಶೇಂಗಾ ಹಿಂಡಿ ಇಲ್ಲವೆ ಗುರೆಳ್ಳ ಹಿಂಡಿ, ಮೊಸರು, ಹೆಚ್ಚಿದ ಉಳ್ಳಾಗಡ್ಡಿ ಇಟ್ಟರೆ ಮುಗಿಯಿತು.

ಮೂರನೆಯದರಲ್ಲಿ ಹಚ್ಚಿದ ಚುರಮರಿ. ಚುರಮರಿ ನಮ್ಮ ಹೊಲದ್ದಲ್ಲ, ಖರೆ. ಆದರೆ ಅದರೊಳಗಿನ ಶೇಂಗಾ ನಮ್ಮದೇ. ಬೀಗರು ಬರುತ್ತಾರೆಂದು ಮೊದಲೇ ಗೊತ್ತಿದ್ದರೆ ಹೆಸರುಬ್ಯಾಳಿ ಒಂದು ತಾಸು ನೆನೆಯಿಟ್ಟು, ಸೌತಿಕಾಯಿ ಹೆಚ್ಚಿ ಹಾಕಿ ಕೋಸಂಬರಿ ಮಾಡಿರಿ. ಅದಕ್ಕೂ ಒಲಿ ಬೇಡ.

ಸುಗ್ಗಿ ಮುಂದೆ ಬಂದವರನ್ನು ಮನೆಯಲ್ಲಿ ಕೂಡಿಸಲೇಬೇಡಿರಿ, ಹೊಲಕ್ಕೆ ಕರಕೊಂಡು ಹೋಗಿರಿ. ಸುಲಗಾಯಿ, ಸೀತನಿ ತಿಂದವರು ಮತ್ತೊಂದು ವರ್ಷ ಕೇಳಿಕೊಂಡು ಬರುತ್ತಾರೆ. ಆದರೆ ಒಂದು ಎಚ್ಚರ. ಕಾಯಿಕೊರಕ ಹುಳಕ್ಕೆ ಎಣ್ಣಿ ಹೊಡೆದ ಕಡ್ಲಿಯನ್ನು ಬೀಗರ ಕೈಗೆ ಕೊಡಬೇಡಿರಿ. ನಾನು ಬದುವಿನ ಹತ್ತಿರ ನಾಕು ಸಾಲು ಹೊಡೆಯದೆ ಬಿಡುತ್ತೇನೆ. ಹುಳ ತಿಂದಷ್ಟು ತಿನ್ನಲಿ, ಉಳಿದದ್ದು ಬೀಗರಿಗೆ, ಮಕ್ಕಳಿಗೆ. ಶೇಂಗಾದಲ್ಲೂ ಅಷ್ಟೇ. ಬೂಸ್ಟು ಹಿಡಿದ ಕಾಳು ವಿಷ, ಅದನ್ನು ಆರಿಸಿ ಚೆಲ್ಲಿರಿ. ದನಕ್ಕೂ ಹಾಕಬೇಡಿರಿ.

"ಒಣ ಶೇಂಗಾ ಇಟ್ಟರು ಅಂತ ಮಂದಿ ಆಡಿಕೊಳ್ಳೂದಿಲ್ಲೇನು?" ಅಂತ ನಮ್ಮವ್ವನೇ ಕೇಳಿದಳು. ನಾನಂದೆ, "ಯವ್ವಾ, ನಿನ್ನ ಕಾಲದಾಗ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡ್ತಿದ್ದಿಲ್ಲೇನು? ಯಾರು ಆಡಿಕೊಂಡ್ರು?" 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಸಾರಿತ್ತು, ನಮ್ಮ ಜೋಳವೂ ಅದರಲ್ಲಿತ್ತು. ಅದೇ ವರ್ಷ ಸಪ್ಟೆಂಬರಿನಲ್ಲಿ ದಿಲ್ಲಿಯಲ್ಲಿ ಜಿ-20 ದೇಶಗಳ ದೊಡ್ಡವರಿಗೆಲ್ಲ ಔತಣ ಆಯಿತು. ಮೊದಲು ತಂದಿಟ್ಟ ತಿನಿಸು ನವಣಿಯಿಂದ ಮಾಡಿದ್ದು, ಮೇಲೆ ಮೊಸರು, ಚಟ್ನಿ. ಅವರಿಗೆ ನವಣಿ-ಮೊಸರು ನಡೆದರೆ ನಮ್ಮ ಬೀಗರಿಗೆ ರೊಟ್ಟಿ-ಮೊಸರು ನಡೆಯುವುದಿಲ್ಲವೆ?

ಕಡೆಯ ಮಾತು ಗಂಡಸರಿಗೆ. ಡಬ್ಬಿ ಮುಚ್ಚಳ ತೆಗೆದು ತಾಟಿಗೆ ಹಾಕುವ ಕೆಲಸ ನಾವೇ ಮಾಡಬೇಕು. ಅದನ್ನೂ ಆಕೆಗೇ ಹೇಳಿದರೆ ಇಷ್ಟು ಬರೆದದ್ದೆಲ್ಲ ದಂಡ.

ಹೋದ ಪಂಚಮಿಗೆ ಭಾವಮೈದುನ ಮತ್ತೆ ಬಂದಿದ್ದ. ತಾಟು ನಾನಿಟ್ಟೆ. ಅಕ್ಕ-ತಮ್ಮ ಶೇಂಗಾ ಸುಲಿಯುತ್ತ ಸತ್ತುಹೋದ ತಾಯಿಯ ಸುದ್ದಿ ಮಾತಾಡಿದರು. ಚಹಾ ಆಗಿದ್ದು ಒಂದೂವರೆ ತಾಸಿನ ಮೇಲೆ. ಅದನ್ನು ಯಾರೂ ಕೇಳಿರಲಿಲ್ಲ.