ಹಾಲುಹಲ್ಲು ತಾನೇ ಅನ್ನಬೇಡಿ

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ" ಅಂತ ನಾವೆಲ್ಲ ಒಂದಲ್ಲ ಒಂದು ಸಲ ಹೇಳಿದವರೇ. ನಾನಂತೂ ನನ್ನ ತಂಗಿಗೆ ಹತ್ತು ಸಲ ಹೇಳಿದ್ದೆ. ಅದಕ್ಕೇ ಈ ಸಲ ಆ ತಪ್ಪಿನ ಕಥೆ.

ಅವಳ ಮಗನಿಗೆ ಆಗ 4 ವರ್ಷ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿದ್ದರೇನೇ ನಿದ್ದೆ. ಮೊದಲು ಮುಂದಿನ ಹಲ್ಲು ಕಪ್ಪಾಯಿತು, ಆಮೇಲೆ ದವಡೆ ಹಲ್ಲು ಹುಳುಕಾಯಿತು. ಒಂದೇ ಕಡೆ ಅಗಿಯೋದು, ನಡುರಾತ್ರಿ ಎದ್ದು ಅಳೋದು. ಕೆನ್ನೆ ಊದಿಕೊಂಡಾಗ ಆಸ್ಪತ್ರೆಗೆ ಓಡಿದೆವು. "8 ಹಲ್ಲು ಕೆಟ್ಟಿವೆ, ಮಗು ಬಾಯೇ ತೆರೆಯೋದಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ದಿನ ಎಲ್ಲ ಮುಗಿಸೋಣ" ಅಂದರು ಡಾಕ್ಟರು. ತಂಗಿ ಅಲ್ಲೇ ಅತ್ತುಬಿಟ್ಟಳು.

ಹಲ್ಲಿಗೋಸ್ಕರ ಪ್ರಜ್ಞೆ ತಪ್ಪಿಸೋದೆ, ಮಗುವಿನ ಬುದ್ಧಿಗೆ ಏನಾದರೂ ಆದರೆ ಅನ್ನೋ ಹೆದರಿಕೆ ಸಹಜ. 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗಿಂತ ಹೆಚ್ಚು ಹೊತ್ತು ಅಥವಾ ಪದೇ ಪದೇ ಅರಿವಳಿಕೆ ಕೊಡುವಾಗ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2016ರಲ್ಲಿ ಹೇಳಿತು. ಎಳೆಗೂಸಿದ್ದಾಗ ಹರ್ನಿಯಾ ಆಪರೇಷನ್ನಿಗೆ ಒಂದೇ ಸಲ, ಸುಮಾರು ಒಂದು ಗಂಟೆ ಅರಿವಳಿಕೆ ಪಡೆದ ಮಕ್ಕಳ ಬುದ್ಧಿಮಟ್ಟ 5ನೇ ವರ್ಷದಲ್ಲಿ ಕಡಿಮೆಯಾಗಿರಲಿಲ್ಲವೆಂದು 2019ರ ಅಧ್ಯಯನವೊಂದು ತಿಳಿಸಿತು. ಆದ್ದರಿಂದ ಹೆದರಿ ಕೂರಬೇಡಿ, ಕೇಳಿ: ಎಷ್ಟು ಹೊತ್ತು ಬೇಕು? ಅರಿವಳಿಕೆ ತಜ್ಞರು ಇರುತ್ತಾರಾ? ಬೇರೆ ದಾರಿ ಇದೆಯಾ? ಕೆಲವು ಹುಳುಕುಗಳನ್ನು ಬೆಳ್ಳಿಯ ಅಂಶವಿರುವ ಔಷಧಿ ಹಚ್ಚಿಯೂ ತಡೆಯಬಹುದು. ಹಚ್ಚಿದ ಜಾಗ ಮಾತ್ರ ಕಪ್ಪಾಗುತ್ತೆ.

ಒಂದು ಮಾತು ಮರೆಯಬೇಡಿ. ಆಪರೇಷನ್ನಿಗೆ 6 ಗಂಟೆ ಮೊದಲಿನಿಂದ ಊಟ, ತಿಂಡಿ, ದನದ ಹಾಲು ಕೂಡದು. ಬರೀ ನೀರು ಎಷ್ಟು ಹೊತ್ತಿನವರೆಗೆ ಅಂತ ಡಾಕ್ಟರನ್ನೇ ಕೇಳಿ. ಪಾಪ, ಹಸಿವು ಅಂತ ಅಜ್ಜಿ ಕದ್ದು ಬಿಸ್ಕತ್ತು ಕೊಟ್ಟಿದ್ದರೆ ಮುಚ್ಚಿಡದೆ ಹೇಳಿಬಿಡಿ. ಪ್ರಜ್ಞೆ ಇಲ್ಲದಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ನಮ್ಮ ಹುಡುಗನಿಗೆ 2 ಹಲ್ಲು ಕಿತ್ತು, 2ಕ್ಕೆ ಸಿಮೆಂಟು ತುಂಬಿ, 4ಕ್ಕೆ ಸ್ಟೀಲಿನ ಟೋಪಿ ಹಾಕಿದರು. ಎಚ್ಚರವಾದಾಗ ರಂಪ ಮಾಡಿದ, ಒಮ್ಮೆ ವಾಂತಿ ಮಾಡಿದ, ಗಂಟಲು ನೋವು ಅಂದ. ಸಂಜೆಗೆ ಗಂಜಿ ಕುಡಿದ. ತಿಂಗಳೊಳಗೆ ಚಪಾತಿ ಅಗಿದು ತಿಂದ, ರಾತ್ರಿಯಿಡೀ ಮಲಗಿದ, ಮೈ ಕೈ ತುಂಬಿಕೊಂಡ. ಎಲ್ಲ ಮುಗಿಯಿತು ಅಂದುಕೊಂಡೆವು.

ವರ್ಷ ಕಳೆದ ಮೇಲೆ ಇನ್ನೊಂದು ಹಲ್ಲಿನಲ್ಲಿ ಹೊಸ ಹುಳುಕು! "ಬಹಳ ಮಕ್ಕಳಲ್ಲಿ ಹೀಗೇ ಆಗುತ್ತೆ. ನಾವು ಹಲ್ಲು ರಿಪೇರಿ ಮಾಡ್ತೀವಿ, ಮನೆಯ ಅಭ್ಯಾಸ ರಿಪೇರಿ ಮಾಡೋಕಾಗಲ್ಲ" ಅಂದರು ಡಾಕ್ಟರು. ಬಾಟಲಿ ಬಿಡಿಸಿದ್ದಳು ತಂಗಿ. ಆದರೆ ದೊಡ್ಡಮ್ಮಾ ಅಂತ ಓಡಿಬಂದಾಗಲೆಲ್ಲ ಪೆಪ್ಪರಮಿಂಟು ಕೊಟ್ಟವಳು ನಾನೇ. ತಲೆ ತಗ್ಗಿಸಿ ನಿಂತೆ.

ಹಿಂದಿನ ದವಡೆಯ ಹಾಲುಹಲ್ಲು 10-12 ವರ್ಷದವರೆಗೂ ಇರಬೇಕು. ಬರುವ ಹಲ್ಲಿಗೆ ಜಾಗ ಕಾಯೋದು ಅದೇ. ದಿನಕ್ಕೆ 2 ಸಲ ಫ್ಲೋರೈಡ್ ಪೇಸ್ಟಿನಿಂದ ನೀವೇ ಉಜ್ಜಿ. 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು. ರಾತ್ರಿ ಉಜ್ಜಿದ ಮೇಲೆ ಬರೀ ನೀರು. ಸಿಹಿ ಕೊಡೋದಾದರೆ ಊಟದ ಜೊತೆಗೇ ಕೊಡಿ, ನಡುನಡುವೆ ಬೇಡ. ವರ್ಷಕ್ಕೆ 2 ಸಲ ತೋರಿಸಿ.

ಈಗ ನಮ್ಮ ಮನೆಯ ಡಬ್ಬಿಯಲ್ಲಿ ಪೆಪ್ಪರಮಿಂಟಿಲ್ಲ, ಹುರಿಗಡಲೆ ಇದೆ. ಹುಡುಗ ಮೊದಲ ದಿನ ಮುಖ ಊದಿಸಿಕೊಂಡ. ಈಗ ಅದನ್ನೇ ಕೇಳಿ ತಿಂತಾನೆ.