ದಾನಪತ್ರಕ್ಕೊಂದು ಷರತ್ತು

ಕುಂದಾಪುರದ ಕಡೆ ದೊಡ್ಡ ದೊಡ್ಡ ಮನೆಗಳಲ್ಲಿ ಈಗ ಅಪ್ಪಯ್ಯ, ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರು, ಮುಂಬೈ, ದುಬೈ... ಜಾಗ ಮಾರಿ ಬೆಂಗಳೂರಿನ ಹಿರಿಯರ ಫ್ಲಾಟಿಗೆ ಹೋಗಿ ಎನ್ನುವವರೇ ಹೆಚ್ಚು. ನನಗದು ಒಪ್ಪಿಗೆಯಿಲ್ಲ. ಫ್ಲಾಟು ಕೊಂಡರೆ ಮುಗಿಯಿತಾ? ಊಟಕ್ಕೆ, ಮೇಂಟೆನೆನ್ಸಿಗೆ ತಿಂಗಳು ತಿಂಗಳೂ ಕಟ್ಟಬೇಕು. ಗದ್ದೆ ಮಾಡಿದವರಿಗೆ ಪಿಂಚಣಿ ಎಲ್ಲಿದೆ? ಬಡವರಿಗೆ ಸಿಗುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮೀನಿಗೂ ಸಾಲದು :-) ಹೋಮ್ ನರ್ಸ್ ಇಡುವುದೂ ಅಗ್ಗವಲ್ಲ, ಆದರೆ ಜಗಲಿ ನಮ್ಮದೇ ಇರುತ್ತದೆ.

ಮನೆ ಮಕ್ಕಳ ಹೆಸರಿಗೆ ಬರೆಯುವುದಾದರೆ ದಾನಪತ್ರದಲ್ಲಿ 'ನಮ್ಮನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಹಾಕಿಸಿ. ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಪತ್ರ ರದ್ದು ಮಾಡಿಸಬಹುದು, ಅರ್ಜಿ ಕುಂದಾಪುರದ ಎಸಿ ಆಫೀಸಿಗೇ. ಷರತ್ತು ಬೇಕೇಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರಲ್ಲಿ ಕೊಂಚ ಉದಾರವಾಯಿತು, ಆದರೂ ಬರೆಸಿಟ್ಟರೆ ಗಟ್ಟಿ. ಮಗನ ಎದುರು ಷರತ್ತಾ ಅಂತೀರಾ? ನಿಮ್ಮ ಕಡೆ ಯಾರಾದರೂ ಹಾಕಿಸಿದ್ದಾರಾ, ತಿಳಿಸಿ.